ಬಲಗಡೆಯ ಹೂ ಬೀಳುವತನಕ

ನನಗೆ ಕಾಯುವುದು ಬರುವುದಿಲ್ಲ. ಹುಟ್ಟಿದಾಗಿನಿಂದಲೂ ಬಂದಿಲ್ಲ. ನಾನು ಏಳು ತಿಂಗಳಿಗೇ ಹುಟ್ಟಿದವಳಂತೆ. "ಹೊಟ್ಟ್ಯಾಗ ಕುಂದ್ರಾಕೂ ಇಕಿಗೆ ಪುರುಸೊತ್ತಿರ್ಲಿಲ್ಲ" ಎಂದು ಅವ್ವ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದಳು. ನನಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ಇದಕ್ಕೆ ಪೂರ್ತಿ ತಿರುವುಮುರುವು. ಹೆಪ್ಪು ಹಾಕಿದ ಹಾಲು ಗಟ್ಟಿಯಾಗುವತನಕ, ಮಳೆ ನಿಲ್ಲುವತನಕ, ನನ್ನ ಸಿಟ್ಟು ಇಳಿಯುವತನಕ ಸುಮ್ಮನೆ ಕೂಡಬಲ್ಲವಳು. ಅವಳ ಮದುವೆ ಐದು ವರ್ಷ ತಡವಾಯಿತು. ಆ ಐದು ವರ್ಷ ಕಾದವಳು ಅವಳು, ಹಲ್ಲು ಕಡಿದವಳು ನಾನು.

ನಮ್ಮದು ಹಾನಗಲ್ಲಿನಿಂದ ಆಡೂರಿನ ಕಡೆ ಹೋಗುವ ಹಾದಿಯಲ್ಲಿ ಒಂದು ಸಣ್ಣ ಊರು. ಭತ್ತದ ಗದ್ದೆ, ಎರಡು ಕೆರೆ, ಊರ ಮುಂದಿನ ತೆರೆದ ಗುಡಿಯಲ್ಲಿ ಕಲ್ಲಿನ ಬಸವಣ್ಣ. ಆ ಬಸವಣ್ಣನನ್ನು ಕೇಳದೆ ನಮ್ಮೂರಿನಲ್ಲಿ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ, ಬಾವಿ ತೋಡುತ್ತಿರಲಿಲ್ಲ, ಹೆಣ್ಣು ಕೊಡುತ್ತಿರಲಿಲ್ಲ. ಕೇಳುವ ರೀತಿ ಇಷ್ಟೇ. ಸೋಮವಾರ ಬೆಳಿಗ್ಗೆ ಪೂಜಾರಿ ಅಜ್ಜ ಎರಡು ಕಣಗಿಲೆ ಎಸಳನ್ನು ನೀರಿನಲ್ಲಿ ಅದ್ದಿ, ಒಂದನ್ನು ಬಸವಣ್ಣನ ಬಲ ಹೆಗಲಿಗೆ, ಇನ್ನೊಂದನ್ನು ಎಡ ಹೆಗಲಿಗೆ ಅಂಟಿಸಿ, ಮುಂದೆ ಒಂದು ಪಣತಿ ಹಚ್ಚುತ್ತಿದ್ದ. ಬಲಗಡೆಯ ಹೂ ಬಿದ್ದರೆ ಅಪ್ಪಣೆಯಾಯಿತು. ಎಡಗಡೆಯದು ಬಿದ್ದರೆ ಬ್ಯಾಡ ಅಂದ ಹಾಗೆ. ದೀಪ ಆರುವತನಕ ಎರಡೂ ಬೀಳದಿದ್ದರೆ, "ತಡಿ ಅಂದಾನ" ಎಂದು ಮನೆಗೆ ಬರಬೇಕು.

ಅಕ್ಕನಿಗೆ ಹದಿನಾರಾದಾಗ ಹಿರೇಕೆರೂರ ಕಡೆಯ ಮಾಸೂರಿನಿಂದ ಅವಳನ್ನು ನೋಡಲು ಬಂದರು. ಮದಗದ ಕೆರೆಯ ನೀರುಣ್ಣುವ ಗದ್ದೆಗಳಿದ್ದ ಮನೆ. ಹುಡುಗ ನಮ್ಮ ಕಟ್ಟೆಯ ಮೇಲೆ ಕಂಬಕ್ಕೆ ಅಂಟಿ ನೆಟ್ಟಗೆ ಕುಳಿತಿದ್ದ. ಅವನ ಬೆನ್ನ ಹಿಂದೆ ಕಟ್ಟಿದ್ದ ನಮ್ಮ ಕರು ಅವನ ರುಮಾಲಿನ ಬಾಲವನ್ನು ಮೆಲ್ಲಗೆ ಬಾಯಿಗೆಳೆದುಕೊಂಡು ಜಗಿಯತೊಡಗಿತು. ಹಿರಿಯರೆಲ್ಲ ನೋಡಿದರು. ಬೀಗರಾಗುವವರಿಗೆ ಹೇಳುವುದು ಹೇಗೆಂದು ಎಲ್ಲರೂ ಗಂಭೀರವಾಗಿ ಮಳೆಯ ಮಾತಾಡಿದರು. ನೀರಿನ ತಂಬಿಗೆ ಹಿಡಿದು ಬಂದ ಅಕ್ಕ ಮಾತ್ರ ಕಂಡವಳೇ ಫಕ್ಕನೆ ನಕ್ಕುಬಿಟ್ಟಳು. ಹುಡುಗ ಹಿಂದೆ ತಿರುಗಿದ, ರುಮಾಲೇ ಬಿಚ್ಚಿಹೋಯಿತು, ಅವನೂ ನಕ್ಕ. ಮದುವೆ ಅಲ್ಲಿಗೇ ಗೊತ್ತಾಯಿತೆಂದು ಎಂಟು ವರ್ಷದ ನನಗೂ ತಿಳಿಯಿತು.

ಆದರೆ ಬಸವಣ್ಣ ಹೂ ಕೊಡಲಿಲ್ಲ. ಅಪ್ಪ ಕೇಳಿದ ಆ ಮೊದಲ ಸೋಮವಾರ ದೀಪ ಆರಿತು, ಎರಡೂ ಎಸಳು ಹಾಗೇ ಕುಳಿತಿದ್ದವು.

"ತಡಿ ಅಂದಾನ. ತಡಿಯೂಣು" ಎಂದ ಅಪ್ಪ. ಅವನ ಮಾತು ಅಷ್ಟೇ. ಕಲ್ಲಿಗಾದರೂ ನಾಲ್ಕು ಪೆಟ್ಟು ಹಾಕಿದರೆ ಬಿರುಕು ಬೀಳುತ್ತದೆ, ಅಪ್ಪನ ಮಾತಿಗೆ ಬೀಳುತ್ತಿರಲಿಲ್ಲ.

ಅವ್ವ ಮಾತ್ರ ನನ್ನಂಥವಳೇ, ಅವಸರದವಳು. ಅವಳ ತವರು ಸವಣೂರ ಕಡೆಯ ಎರೆಹೊಲದ ಊರು. ಅಲ್ಲಿಂದ ವರ್ಷಕ್ಕೆರಡು ಡಬ್ಬಿ ಕುಸುಬಿ ಎಣ್ಣೆ ನಮ್ಮ ಮನೆಗೆ ಬರುತ್ತಿತ್ತು. ನಮ್ಮೂರಿನಲ್ಲಿ ಮೊದಲಿನಿಂದಲೂ ಬಸವಣ್ಣನ ಹಣೆಗೆ ಒಂದಿಷ್ಟು ಬೆಣ್ಣೆ ಹಚ್ಚುತ್ತಿದ್ದರು, ಅಷ್ಟೇ. ಅವ್ವ ಹರಕೆ ಹೊತ್ತಳು: ಮಗಳಿಗೆ ಹೂ ಬೀಳುವತನಕ ಪ್ರತಿ ಸೋಮವಾರ ಪೂಜೆ ಮುಗಿದ ಮೇಲೆ ಬಸವಣ್ಣನ ಮೈತುಂಬ ತವರಿನ ಕುಸುಬಿ ಎಣ್ಣೆ ಹಚ್ಚುತ್ತೇನೆ ಎಂದು. ಹಚ್ಚಿದಳು ಕೂಡ. ಒಂದು ಸೋಮವಾರವೂ ತಪ್ಪಲಿಲ್ಲ. ಬಸವಣ್ಣ ಮಿಂಚತೊಡಗಿದ. ಹಾದಿಹೋಕರೂ ನಿಂತು ನೋಡಿ, "ಏನ್ ಕಳೆ ಬಂದೈತ್ರಿ ನಿಮ್ಮ ಬಸವಣ್ಣಗ!" ಎನ್ನುತ್ತಿದ್ದರು. ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಹೂ ಮಾತ್ರ ಬೀಳಲಿಲ್ಲ. ನಮಗಷ್ಟೇ ಅಲ್ಲ, ಯಾರಿಗೂ ಬೀಳಲಿಲ್ಲ. ಎರಡನೆಯ ವರ್ಷದ ಹೊತ್ತಿಗೆ ಇಡೀ ಊರೇ ಕಾಯತೊಡಗಿತ್ತು. ಓಣಿಯ ಮೂಲೆಮನೆಯವರು ಎತ್ತು ಮಾರಬೇಕೆಂದಿದ್ದರು. ಎತ್ತು ಅಲ್ಲೇ ಮುದಿಯಾಯಿತು. ಕೆರೆಯ ದಂಡೆಯವರು ಬಾವಿ ತೋಡಲು ಗೆರೆ ಹಾಕಿಟ್ಟಿದ್ದರು, ಆ ಗೆರೆಯ ಮೇಲೆ ನಾವು ಹುಡುಗಿಯರು ಕುಂಟಾಟ ಆಡುತ್ತಿದ್ದೆವು. ಮನೆ ಪಾಲು ಮಾಡಿಕೊಳ್ಳಲು ಅಪ್ಪಣೆ ಕೇಳಿದ ಇಬ್ಬರು ಅಣ್ಣತಮ್ಮಂದಿರಂತೂ ಸೋಮವಾರದಿಂದ ಸೋಮವಾರಕ್ಕೆ ಒಟ್ಟಿಗೆ ಗುಡಿಗೆ ಬಂದು ಬಂದು, ಕಡೆಗೆ ಜಗಳ ಯಾತರದೆಂಬುದನ್ನೇ ಮರೆತರು. ಪೂಜಾರಿ ಅಜ್ಜನ ಕಣ್ಣು ಮಂಜಾಗಿತ್ತು. "ಬಸವಣ್ಣ ಮೌನ ಹಿಡದಾನ. ಮುಂದಿನ ಸೋಮಾರ ನೋಡೂಣ್ರಿ" ಎಂದು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಈ ಅಜ್ಜ ಪಾಪ, ಹಗಲೆಲ್ಲ ಕೊಡಲು ಸಿದ್ಧನಿದ್ದ.

ಅಕ್ಕ ಏನು ಮಾಡುತ್ತಿದ್ದಳು? ಹಾಡುತ್ತಿದ್ದಳು! ಬೀಸುವಾಗ ಹಾಡು, ಶ್ಯಾವಿಗೆ ಹೊಸೆಯುವಾಗ ಹಾಡು. ಅವಳ ವಯಸ್ಸಿನವರೆಲ್ಲ ಕೂಸು ಎತ್ತಿಕೊಂಡು ತವರಿಗೆ ಬರುತ್ತಿದ್ದರು, ಇವಳು ಆ ಕೂಸುಗಳನ್ನು ಆಡಿಸಿ ಹಾಡುತ್ತಿದ್ದಳು. ನನ್ನ ಮೈ ಉರಿಯುತ್ತಿತ್ತು. "ನಿನಗ ಚಿಂತಿ ಅನ್ನೂದ ಇಲ್ಲೇನ?" ಎಂದರೆ, "ನಾ ಚಿಂತಿ ಮಾಡಿದ್ರ ಹೂ ಬೀಳತೈತೇನು? ಯಾವಾಗ ಕೊಡಬೇಕಂತ ಅಂವಗ ಗೊತ್ತೈತಿ. ತಾಳಿದಾಂವ ಬಾಳ್ಯಾನು ತಂಗಿ" ಎಂದು ನನ್ನ ಕೆನ್ನೆ ಹಿಂಡುತ್ತಿದ್ದಳು.

ಆಗ ನಾನು ಸಾಲೆಗೆ ಹೋಗುತ್ತಿದ್ದೆ. ನಮ್ಮ ಮನೆಯಿಂದ ಸಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನೇ, ಅದಕ್ಕೇ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಬಂದು ನನ್ನ ಪಾಟಿ ಗೋಡೆಗೆ ಆನಿಸಿದ ಕೂಡಲೇ ಅಕ್ಕ, "ಇವತ್ತ ಏನು ಕಲತಿ?" ಎಂದು ಕೇಳುತ್ತಿದ್ದಳು. ಒಲೆಯ ಮುಂದಿನ ಬೂದಿಯಲ್ಲಿ ಬೆರಳಿನಿಂದ ಅವಳು ತಿದ್ದುತ್ತಿದ್ದಳು, ನಾನು ಮಾಸ್ತರರ ಹಾಗೆ ಹುಬ್ಬು ಗಂಟಿಕ್ಕಿ ಬೈಯುತ್ತಿದ್ದೆ. ಎರಡು ವರ್ಷದಲ್ಲಿ ಕಲಿತಳು. ಅಕ್ಷರ ಮಾತ್ರ ಚೆಲ್ಲಿದ ಹುರುಳಿಯ ಹಾಗೆ ಒಂದು ಅತ್ತ, ಒಂದು ಇತ್ತ.

ನನಗೆ ಹನ್ನೊಂದು ತುಂಬಿದ ವರ್ಷ ಒಂದು ದಿನ ಅವಳು ನನ್ನ ಪುಸ್ತಕದಿಂದ ಒಂದು ಹಾಳೆ ಕೇಳಿದಳು. ಹಿತ್ತಲಲ್ಲಿ ಕುಳಿತು, ಅಂಗೈ ಅಡ್ಡ ಹಿಡಿದು, ಒಂದು ಹೊತ್ತು ಪೂರ್ತಿ ಬರೆದಳು. ನನಗೆ ತೋರಿಸಲಿಲ್ಲ. ಅನ್ನ ಅಂಟಿಸಿ ಲಕೋಟೆ ಮುಚ್ಚಿ, ಮಾಸೂರಿನ ಆ ಹುಡುಗನ ವಿಳಾಸವನ್ನು ಮಾತ್ರ ನನ್ನ ಚೆಂದದ ಕೈಯಿಂದ ಬರೆಸಿದಳು. ಅಪ್ಪನ ಜೊತೆ ಹಾನಗಲ್ಲ ಸಂತೆಗೆ ಹೋದಾಗ ಟಪಾಲ ಪೆಟ್ಟಿಗೆಗೆ ಹಾಕಿ ಬಂದವಳು ನಾನೇ. ಆಗಿನ ಕಾಲಕ್ಕೆ ಇದು ಸಣ್ಣ ಅಪರಾಧವಲ್ಲ. ಗೊತ್ತಾಗಿದ್ದರೆ ಇಬ್ಬರ ಬೆನ್ನಿಗೂ ಬಾಸುಂಡೆ ಬೀಳುತ್ತಿತ್ತು.

ಉತ್ತರ ಬರಲಿಲ್ಲ. ಒಂದು ತಿಂಗಳು, ಆರು ತಿಂಗಳು, ವರ್ಷ. ನಾನು ಟಪಾಲಿನವನ ಹಿಂದೆ ಊರ ಅಗಸೆಬಾಗಿಲತನಕ ಓಡುತ್ತಿದ್ದೆ. "ಎಂಥಾ ಗಂಡಸಾ ಅಂವ! ಕಾಯ್ರಿ ಅಂತ ಒಂದು ಹೆಣಮಗಳು ಬರದ್ರ ಹೂಂ ಅನ್ನಾಕೂ ಆಗಂಗಿಲ್ಲೇನು?" ಎಂದು ಕುದಿಯುತ್ತಿದ್ದೆ. ಅಕ್ಕ ಹೇಳಿದ್ದು ನನಗೆ ಅರ್ಥವಾಗಲಿಲ್ಲ: "ಅದು ಉತ್ತರಾ ಬೇಡೂ ಕಾಗದ ಅಲ್ಲಬೇ. ಕಾಯಾಕತ್ತಾರಲ್ಲ, ಅದ ಸಾಕು."

ಹೌದು, ಅವರು ಕಾಯುತ್ತಿದ್ದರು. ವರ್ಷಕ್ಕೊಮ್ಮೆ ಮಾಸೂರಿನಿಂದ ಅವನ ಸೋದರಮಾವ ಒಂದು ಪೆಂಟೆ ಬೆಲ್ಲ ಹಿಡಿದು ಬಂದು, "ಹೂ ಬಿತ್ತೇನ್ರಿ?" ಎಂದು ಕೇಳಿ, ಊಟ ಮಾಡಿ, ಸವಣೂರ ಎಲೆ-ಅಡಿಕೆ ಹಾಕಿಕೊಂಡು ಹೋಗುತ್ತಿದ್ದ. ಆದರೆ ಐದನೆಯ ವರ್ಷ ಅವನು ಅಡಿಕೆ ಹಾಕಿಕೊಳ್ಳುವ ಮುಂಚೆಯೇ ಹೇಳಿದ: "ತಪ್ಪ ತಿಳೀಬ್ಯಾಡ್ರಿ. ನಮ್ಮಕ್ಕಗ ವಯಸ್ಸಾಗೈತಿ, ಸೊಸಿ ಕೈಯಾಗ ಊಟಾ ಮಾಡಬೇಕಂತಾಳ. ಈ ಸುಗ್ಗಿ ಮುಗಿಯೂತನಕ ನೋಡ್ತೇವಿ. ಆಮ್ಯಾಲ ಬ್ಯಾರೆ ಕಡೆ ಹೆಣ್ಣು ನೋಡಬೇಕಾಕ್ಕೈತಿ." ಅಪ್ಪ ತಲೆ ತಗ್ಗಿಸಿ, "ಖರೇ ಐತ್ರಿ" ಎಂದ. ಅಡುಗೆಮನೆಯಲ್ಲಿ ಹಾಡು ನಿಂತಿತು. ಐದು ವರ್ಷದಲ್ಲಿ ಅದು ನಿಂತದ್ದು ಅದೇ ಮೊದಲು. ಇಣುಕಿ ನೋಡಿದರೆ ಅಕ್ಕ ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಕಾಣದೆ ಕುಳಿತಿದ್ದಳು.

ಅದೇ ವಾರ ಅವ್ವ ನನಗೆ ಖಾಲಿಯಾದ ಎಣ್ಣೆ ಡಬ್ಬಿ ತೊಳೆಯಲು ಕೊಟ್ಟಳು. ಕುಸುಬಿ ಎಣ್ಣೆ ತೊಳೆದವರಿಗೇ ಗೊತ್ತು ಅದರ ಪಾಡು. ಒಣಗಿತೆಂದರೆ ಬೇವಿನ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಬೂದಿ ಹಾಕಿದೆ, ಹುಣಸೆಹಣ್ಣು ಹಾಕಿದೆ, ಬೈಗುಳವನ್ನೂ ಹಾಕಿದೆ. ಬಾಗಿಲಿಗೆ ಕಟ್ಟಿದ್ದ ದೀಪಾವಳಿಯ ಚೆಂಡುಹೂವಿನ ಎಸಳೊಂದು ಹಾರಿಬಂದು ಡಬ್ಬಿಯ ಹೊಟ್ಟೆಗೆ ಕೂತಿತು. ಡಬ್ಬಿ ಅಲುಗಿಸಿದೆ. ಬೀಳಲಿಲ್ಲ. ಬೋರಲು ಹಿಡಿದು ಜಾಡಿಸಿದೆ. ಬೀಳಲಿಲ್ಲ.

ನಾನು ಡಬ್ಬಿಯನ್ನು ಅಲ್ಲೇ ಒಗೆದು ಅಕ್ಕನ ಹತ್ತಿರ ಓಡಿದೆ. "ಅಕ್ಕಾ, ಬಸವಣ್ಣ ಮೌನಾ ಹಿಡದಿಲ್ಲಬೇ! ಅವ್ವ ಅವನ ಮೈಗೆ ಅಂಟು ಬಳದಾಳ!"

ಅಕ್ಕ ಬಂದು ಡಬ್ಬಿಯ ಮುಂದೆ ಕುಳಿತು ಎಸಳನ್ನು ಬಹಳ ಹೊತ್ತು ನೋಡಿದಳು. ಹಿಗ್ಗುತ್ತಾಳೆಂದುಕೊಂಡಿದ್ದೆ. ಹಿಗ್ಗಲಿಲ್ಲ.

"ತಿಕ್ಕಿ ತೊಳದುಬಿಡೂಣು ನಡಿ" ಎಂದೆ.

"ತೊಳದ ಮ್ಯಾಲ ಎಡಗಡೀದು ಬಿದ್ರ?" ಎಂದಳು.

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇಷ್ಟು ದಿನ ದೇವರು ತಡಿ ಅಂದಿದ್ದ. ತಡಿ ಅನ್ನುವುದರಲ್ಲಿ ಒಂದು ಆಸೆ ಇತ್ತು. ತೊಳೆದ ಬಸವಣ್ಣ ಬ್ಯಾಡ ಅಂದರೆ ಅಪ್ಪ ಆ ಮನೆಯ ಹೆಸರನ್ನೂ ಎತ್ತುವುದಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಅಂದ್ರ ಅನ್ನಲಿ. ಅಂವ ಹೇಳಿದ್ದು ಕೇಳತೇನಿ ಅಂತ ಐದು ವರ್ಷ ಕುಂತೇನಿ. ಅವನ ಬಾಯಿ ಕಟ್ಟಿ ಕುಂದ್ರಸೂದು ನಂಬಿಗಿ ಅಲ್ಲ. ಅಂಟವಾಳಕಾಯಿ ಎಲ್ಲ್ಯದಾವ ನೋಡು."

ಭತ್ತದ ಕೊಯ್ಲಿನ ದಿನಗಳು. ಮಟಮಟ ಮಧ್ಯಾಹ್ನ ಊರೆಲ್ಲ ಗದ್ದೆಯಲ್ಲಿತ್ತು. ನಾವಿಬ್ಬರೂ ಎರಡು ಕೊಡ ಬಿಸಿನೀರು, ಅಂಟವಾಳದ ನೊರೆ, ತೆಂಗಿನ ನಾರು ಹಿಡಿದು ಬಸವಣ್ಣನ ಮುಂದೆ ನಿಂತೆವು. ಅಕ್ಕ ಮೊದಲು ಕೈಮುಗಿದಳು. "ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋಪಾ" ಎಂದಳು. ನಾನು ಅಷ್ಟರಲ್ಲಿ ಬೆನ್ನು ತಿಕ್ಕತೊಡಗಿದ್ದೆ. ಐದು ವರ್ಷದ ಎಣ್ಣೆ! ಉಗುರು ಹಾಕಿದರೆ ಪದರಪದರವಾಗಿ ಏಳುತ್ತಿತ್ತು. ಬಣ್ಣ ಕಂದುಹೋಗಿದ್ದ ಕಲ್ಲಿನೊಳಗಿಂದ ಕೊರಳ ಗೆಜ್ಜೆಸರ ಎದ್ದುಬಂತು, ಆಮೇಲೆ ಮೂಗುದಾರ, ಆಮೇಲೆ ಬಾಯಿ. ಅಯ್ಯ ಶಿವನೇ, ಆ ಬಾಯಿಯ ಅಂಚಿನಲ್ಲಿ ಒಂದು ಸಣ್ಣ ನಗು ಇತ್ತು! ನಾನು ಹುಟ್ಟಿದಾಗಿನಿಂದ ದೂರದಿಂದಲೇ ನೋಡಿದ ಬಸವಣ್ಣ, ನಗುತ್ತಾನೆಂದು ಗೊತ್ತೇ ಇರಲಿಲ್ಲ. ನಾವಿಬ್ಬರೂ ಅಲ್ಲೇ ಒದ್ದೆ ಸೀರೆ, ಒದ್ದೆ ಪರಕಾರದಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಸೋಮವಾರ ಬಂತು. ಅಪ್ಪ, ಅವ್ವ, ಊರಿನ ನಾಲ್ಕಾರು ಹಿರಿಯರು ಇದ್ದರು. ಪೂಜಾರಿ ಅಜ್ಜ ಹೆಗಲು ಸವರಿ, "ಇವತ್ತ ಬಸವಣ್ಣನ ಮೈ ತಣ್ಣಗೈತಿ" ಎಂದ. ಎಸಳು ಅಂಟಿಸಿದ, ಪಣತಿ ಹಚ್ಚಿದ. ಅಕ್ಕ ಕಂಬದ ಮರೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. ನಾನು ಕಣ್ಣು ಮಿಟುಕಿಸಲಿಲ್ಲ. ಮೊದಲು ಅಲುಗಿದ್ದು ಎಡಗಡೆಯ ಎಸಳು. ನಾನು ಅಕ್ಕನ ಕೈಯನ್ನು ಎಷ್ಟು ಬಿಗಿ ಹಿಡಿದೆನೆಂದರೆ ಬಳೆ ಒಡೆಯಿತು. ಎಡಗಡೆಯದು ಒಂದಿಷ್ಟು ಜಾರಿ, ಗೆಜ್ಜೆಸರದ ಮೇಲೆ ನಿಂತಿತು. ಆಗ ಬಲಗಡೆಯದು ಹೆಗಲಿನಿಂದ ಬಿಟ್ಟು, ಪಣತಿಯ ಪಕ್ಕದಲ್ಲೇ ಬಿತ್ತು.

"ಬಿತ್ತರಿ! ಬಲಕ್ಕ ಬಿತ್ತು!" ಎಂದು ಕಿರುಚಿದವಳು ನಾನೇ. ಅಪ್ಪ ಅಳುವುದನ್ನು ನಾನು ಕಂಡದ್ದು ಅದೊಂದೇ ದಿನ. ರುಮಾಲು ತೆಗೆದು ಅದರಿಂದಲೇ ಮುಖ ಮುಚ್ಚಿಕೊಂಡ. ಸುದ್ದಿ ಗದ್ದೆಗೆ ಮುಟ್ಟಿದ್ದೇ ತಡ, ಕುಡುಗೋಲು ಕೈಯಲ್ಲೇ ಹಿಡಿದು ಊರೆಲ್ಲ ಓಡಿಬಂತು. ಐದು ವರ್ಷದ ಪ್ರಶ್ನೆಗಳಿಗೆಲ್ಲ ಬಸವಣ್ಣ ಒಂದೇ ದಿನ ಉತ್ತರ ಕೊಟ್ಟ. ಬಾವಿ ತೋಡಿರಿ ಅಂದ. ಎತ್ತು ಮಾರಬ್ಯಾಡ್ರಿ ಅಂದ. ಆ ಮುದಿ ಎತ್ತನ್ನು ಇನ್ನು ಕೊಳ್ಳುವವರಾದರೂ ಯಾರು? ಅಣ್ಣತಮ್ಮಂದಿರು ಮಾತ್ರ, "ನಮಗ ಕೇಳೂದು ಏನೂ ಇಲ್ರಿ" ಎಂದು ಕೈಮುಗಿದು ಹೋದರು.

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುತ್ತದೆಯೇ? ಮನೆಗೆ ಬಂದವಳೇ ಎಲ್ಲ ಒದರಿಬಿಟ್ಟೆ. ಅವ್ವ ಒಲೆಯ ಮುಂದೆ ಕುಸಿದಳು. "ಅಂದ್ರ ನನ್ನ ಮಗಳ ಮದಿವಿಗೆ ಅಡ್ಡ ಬಂದಾಕಿ ನಾನ ಏನು? ಲಗೂ ಆಗಲಿ ಅಂತ ಹಚ್ಚಿದ್ನಲ್ಲೋ ಯಪ್ಪಾ!" ಅಪ್ಪ ಬೈಯುತ್ತಾನೆಂದು ಬಾಗಿಲ ಹಿಂದೆ ಸರಿದೆ. ಅಪ್ಪ ಗಂಟಲು ಸರಿಮಾಡಿಕೊಂಡು, "ನಿನ್ನ ತವರಿನ ಎಣ್ಣಿ ಭಾರೀ ಗಟ್ಟಿ ಐತಿ ಬಿಡು. ಮದಿವಿ ಆದಾಗಿಂದ ನನ್ನ ಬಾಯೂ ಹಂಗ ಕಟ್ಟೈತಿ" ಎಂದ. ಅವ್ವ ಅಳುತ್ತ ಅಳುತ್ತಲೇ ನಕ್ಕಳು.

ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು. ಅವ್ವನ ಹಳೆಯ ಸೀರೆಯೇ ಅಕ್ಕನ ಧಾರೆ ಸೀರೆಯಾಯಿತು. ಏನಾದರೇನು, ನಮ್ಮ ಓಣಿಯಲ್ಲಿ ಅಂಥ ಮದುವೆ ಆಮೇಲೆ ಆಗಲಿಲ್ಲ. ಐದು ವರ್ಷ ಕಾದ ಊರು ಹಸಿದವರ ಹಾಗೆ ಸಂತೋಷಪಟ್ಟಿತು. ಮದುಮಗಳ ಜೊತೆಗೆಂದು ನನ್ನನ್ನೂ ಮಾಸೂರಿಗೆ ಕಳಿಸಿದರು. ಹಿರಿಯರ ಗಾಡಿ ಮುಂದೆ, ನಮ್ಮದು ಹಿಂದೆ. ಗಾಡಿ ಹೊಡೆಯುವವನ ಬೆನ್ನು ನಮ್ಮ ಕಡೆಗಿತ್ತು. ಒಳಗೆ ಅಕ್ಕ, ಅವಳ ಗಂಡ, ನಡುವೆ ನಾನು. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ಮದಗದ ಕೆರೆಯ ನೀರು ಬಿಸಿಲಿಗೆ ಕಾಣತೊಡಗಿದಾಗ ನನ್ನ ತಾಳ್ಮೆ ಮುಗಿಯಿತು.

"ಮಾಮಾ, ನಮ್ಮಕ್ಕನ ಕಾಗದಕ್ಕ ಉತ್ತರಾ ಯಾಕ ಬರೀಲಿಲ್ರಿ?"

ಅಕ್ಕ ನನ್ನ ತೊಡೆ ಜಿಗುಟಿದಳು. ಮಾಮಾ ನಾಚಿದ. ಅಂಗಿಯ ಒಳಕಿಸೆಯಿಂದ ಅದೇ ಹಾಳೆ ತೆಗೆದ. ಮಡಿಕೆ ಸವೆದು ಹಳೆಯ ಧೋತರದ ಹಾಗೆ ಮೆತ್ತಗಾಗಿತ್ತು.

"ನನಗ ಓದಾಕ ಬರ್ತಿರ್ಲಿಲ್ಲ ತಂಗಿ" ಎಂದ. "ಟಪಾಲಿನಾಂವ ಹಾನಗಲ್ಲ ಶಿಕ್ಕಾ ಐತಿ ಅಂದ, ಅದಕ್ಕ ಯಾರದಂತ ಗೊತ್ತಾತು. ಅವ್ವ ಯಾರ ಕಡೆಯಿಂದರ ಓದಸು ಅಂದ್ಲು. ನನಗ ಬರದದ್ದು, ನಾನ ಓದ್ತೇನಿ ಅಂದೆ. ಇದರಾಗ ಏನೈತಿ ಅಂತ ತಿಳಿಯೂತನಕ ಬ್ಯಾರೆ ಹೆಣ್ಣಿನ ಮಾತು ಎತ್ತಬ್ಯಾಡ ಅಂದೆ. ಗದ್ದಿ ಕೆಲಸಾ ಇಲ್ಲದಾಗೆಲ್ಲ ಮಾಸ್ತರರ ಕಡೆ ಹೋಗಿ ಕಲತೆ. ನಿಮ್ಮಕ್ಕನ ಅಕ್ಷರ ಮಾಸ್ತರರ ಅಕ್ಷರದಂಗ ಇಲ್ಲಬೇ. ಒಂದೊಂದು ಸಾಲಿಗೆ ಒಂದೊಂದು ಹಂಗಾಮ ಹೋತು."

"ಎಲ್ಲಾ ಓದಿರೇನ್ರಿ?" ಅಕ್ಕನ ಧ್ವನಿ ಕೇಳಿಸಿದ್ದೇ ಕಷ್ಟ.

"ಹೂ ಬಿತ್ತಂತ ಸುದ್ದಿ ಬಂದ ಮರುವಾರ ಕಡೀ ಸಾಲು ಮುಗೀತು" ಎಂದು, ಅವನು ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿದ:

"ನಮ್ಮ ದೇವರು ಇನ್ನೂ ಹೂ ಕೊಟ್ಟಿಲ್ಲ. ಯಾವಾಗ ಕೊಡತಾನ ಗೊತ್ತಿಲ್ಲ. ನನಗ ಅವನ ಮ್ಯಾಲ ಸಿಟ್ಟಿಲ್ಲ. ನಿಮ್ಮ ವಯಸ್ಸು ನನ್ನ ಸಲುವಾಗಿ ಹಾಳ ಮಾಡಿಕೋಬ್ಯಾಡ್ರಿ. ನೀವು ಬ್ಯಾರೆ ಮದಿವಿ ಆಗ್ರಿ, ನಾ ನಕ್ಕೋತ ಇರತೇನಿ."

ಗಾಡಿಯ ಗಾಲಿ ಕಲ್ಲಿನ ಮೇಲೆ ಹತ್ತಿ ಇಳಿಯಿತು. ಕಾಯಿರಿ ಎಂದು ಬರೆದಿದ್ದಾಳೆಂದು ಎರಡು ವರ್ಷ ಟಪಾಲಿನವನ ಹಿಂದೆ ಓಡಿದ್ದೆನಲ್ಲ!

"ಓದಿಯೂ ಕಾಯಾಕತ್ತೀರಂತ ತಿಳಕೊಂಡಿದ್ದೆ" ಎಂದಳು ಅಕ್ಕ. "ಅದಕ್ಕ ನನಗ ಧೈರ್ಯ ಇತ್ತು."

"ಓದೂ ಸಲುವಾಗಿ ಕಾದೆ" ಎಂದ ಅವನು.

"ಬಂದ ದಿನಾನ ಓದಾಕ ಬಂದಿದ್ರ?"

ಅವನು ಸುಳ್ಳು ಹೇಳಬಹುದಿತ್ತು. ಹೊಸ ಮದುಮಗ ಬೇರೇನು ಹೇಳುತ್ತಾನೆ? "ಅವ್ವ ಇಲ್ಲೇ ಒಂದು ಹೆಣ್ಣು ನೋಡಿಟ್ಟಿದ್ಲು. ಬ್ಯಾಡಂದಾಕಿನ್ನ ಎಷ್ಟಂತ ಕಾಯೂದು ಅಂತ ಆಕಿನ್ನ ಮಾಡ್ಕೊಂತಿದ್ನಿ" ಎಂದ.

ಅಕ್ಕ ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಕರು ರುಮಾಲು ಜಗಿದ ದಿನ ನಕ್ಕಂತೆಯೇ ನಕ್ಕಳು, ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ನಕ್ಕಳು. ಅವನೂ ನಕ್ಕ. ಗಾಡಿ ಹೊಡೆಯುವವ ತಿರುಗಿ ನೋಡಿ, ಯಾಕೆಂದು ತಿಳಿಯದೆ ತಾನೂ ನಕ್ಕ. "ಆ ಕಾಗದಾ ಇಲ್ಲಿ ಕೊಡ್ರಿ, ಹರದು ಒಗೀತೇನಿ" ಎಂದು ಅಕ್ಕ ಕೈಚಾಚಿದಳು. "ಕೊಡಂಗಿಲ್ಲ. ನನಗ ಬರದದ್ದು" ಎಂದು ಅವನು ಮಡಿಸಿ ಕಿಸೆಗೆ ಹಾಕಿಕೊಂಡ.

ಬಸವಣ್ಣನನ್ನು ತಿಕ್ಕಿ ಮದುವೆ ಮಾಡಿಸಿದವಳು ನಾನೇ ಎಂದು ಅಷ್ಟೂ ದಿನ ಮೆರೆದಿದ್ದೆ. ಮಾಸೂರು ಬರುವತನಕ ನಾನು ಒಂದು ಮಾತೂ ಆಡಲಿಲ್ಲ.